ರೆಫರಿ ವೀರಾನ್‌ಕುಟ್ಟಿಯ ಉಸಿರು

ತಾಳೇಕರದವರು ಮೇಲೇಕರದವರ ಮದುವೆಗೆ ಹೋಗುತ್ತಾರೆ, ಹೊಟ್ಟೆ ತುಂಬ ಬಿರಿಯಾನಿ ಉಣ್ಣುತ್ತಾರೆ, ಸಾವಾದರೆ ಹೆಗಲು ಕೊಡುತ್ತಾರೆ. ಆದರೆ ಕೊಯ್ಲು ಮುಗಿದ ಗದ್ದೆಯಲ್ಲಿ ಗೋಲುಕಂಬ ನೆಟ್ಟರೆಂದರೆ ಎರಡೂ ಕೇರಿಗಳು ಹಾವು ಮುಂಗುಸಿ. ಏಳೇಳು ಜನರ ಆ ಫುಟ್‌ಬಾಲ್ ಪಂದ್ಯಕ್ಕೆ ಹೊರಗಿನಿಂದ ರೆಫರಿ ಕರೆಸಿದರೆ, ಬಂದವನು ಬೈಕನ್ನು ಅಲ್ಲೇ ಬಿಟ್ಟು ಓಡಬೇಕಾಗುತ್ತದೆ. ಇಬ್ಬರೂ ಬಾಯಿ ಮುಚ್ಚಿಕೊಂಡು ಒಪ್ಪುವ ಸೀಟಿ ಒಂದೇ, ಅದು ವೀರಾನ್‌ಕುಟ್ಟಿಯದು.

ವೀರಾನ್‌ಕುಟ್ಟಿ ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಂತು ನಿಂತೇ ಮುದುಕನಾದವನು. ಕೆಲಸದ ಹೊತ್ತಿನಲ್ಲಿ ಮರದ ಪುಡಿ, ಬಿಡುವಾದರೆ ಬೀಡಿ. ಎದೆಗೆ ಇದಲ್ಲದೆ ಬೇರೇನನ್ನೂ ಅವನು ಕೊಟ್ಟಿರಲಿಲ್ಲ. ಪಂದ್ಯದ ದಿನ ಮಾತ್ರ ಕಪ್ಪು ಅಂಗಿ ತೊಟ್ಟು ಗದ್ದೆಗಿಳಿದರೆ ಅವನೇ ಕಾಜಿ, ಅವನೇ ಕಲೆಕ್ಟರು. ಅವನ ಮಾತಿಗೆ ಅಷ್ಟು ತೂಕ ಬಂದದ್ದು ಕಾಲಿನಿಂದ. ಬಾಲು ಎಲ್ಲಿದೆಯೋ ಅಲ್ಲಿ ಅವನಿರುತ್ತಿದ್ದ. ಯಾರಾದರೂ ಜಗಳಕ್ಕೆ ಬಂದರೆ "ನಾನು ಪಕ್ಕದಲ್ಲೇ ಇದ್ದೆ ಕಣೋ" ಎನ್ನುತ್ತಿದ್ದ. ಅಲ್ಲಿಗೆ ಮಾತು ಮುಗಿಯಿತು.

ಕಳೆದ ವರ್ಷದ ಪಂದ್ಯದಲ್ಲಿ ಅವನು ನಡುಗೆರೆ ಬಿಟ್ಟು ಅಲ್ಲಾಡಲಿಲ್ಲ. ಅಲ್ಲಿಂದಲೇ ಕೈ ತೋರಿಸಿದ, ಅಲ್ಲಿಂದಲೇ ಫೌಲು ಊದಿದ. ವಯಸ್ಸಾದ ಮೇಲೆ ಗಾಂಭೀರ್ಯ ಬಂದಿದೆ ಎಂದರು ಕೆಲವರು. ಅವನ ಹೆಂಡತಿ ಇಯ್ಯಾತ್ತುಟ್ಟಿಗೆ ನಿಜ ಗೊತ್ತಿತ್ತು. ಮಸೀದಿಯಿಂದ ಮನೆಗೆ ಬರುವ ಏರಿನಲ್ಲಿ ಈಗೀಗ ಗಂಡ ಕಂಡಕಂಡ ಹಲಸಿನ ಮರದಡಿ ನಿಂತು ಕಾಯಿ ನೋಡುತ್ತಿದ್ದ, ಕಾಯಿ ಇಲ್ಲದ ಕಾಲದಲ್ಲೂ ನೋಡುತ್ತಿದ್ದ.

ಇನ್ನೊಬ್ಬನಿಗೂ ಗೊತ್ತಾಗಿತ್ತು. ಪಂದ್ಯದ ಕಮಿಟಿಯ ಸೆಕ್ರೆಟರಿ ಶೌಕತ್ತು, ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಒಂದು ದಿನ ಚಹಾದಂಗಡಿಯಲ್ಲಿ ಎಲ್ಲರೆದುರು ನಗುನಗುತ್ತ ಹೇಳಿದ: "ಈ ಸಲ ಕಾಕಂಗೆ ಒಂದು ಸನ್ಮಾನ ಮಾಡೋಣ. ಒಳ್ಳೇ ಶಾಲು ತರ್ಸಿದೀನಿ. ಸೀಟಿ ನನ್ನ ಭಾವಮೈದ ಹಿಡೀಲಿ, ಸರ್ಟಿಫಿಕೇಟ್ ಇರೋ ಹುಡುಗ."

ಶಾಲು ಹೊದಿಸುವುದೆಂದರೆ ಮೂಲೆಗೆ ಕೂರಿಸುವುದು ಎಂದು ತಿಳಿಯದಷ್ಟು ದಡ್ಡನಲ್ಲ ವೀರಾನ್‌ಕುಟ್ಟಿ. ಅಂದು ಮನೆಗೆ ಬಂದವನು ಊಟ ಬೇಡ ಎಂದ.

"ಊಟ ಬಿಟ್ರೆ ದಮ್ಮು ಬರುತ್ತಾ?" ಎಂದಳು ಇಯ್ಯಾತ್ತುಟ್ಟಿ. "ಪ್ರತಿ ಗುರುವಾರ ನಮ್ಮ ಸರ್ಕಾರಿ ಆಸ್ಪತ್ರೇಲೇ ಉಸಿರಿನ ಕ್ಲಿನಿಕ್ ಶುರು ಮಾಡಿದಾರೆ. ಮಿಷನ್ ಬಂದಿದೆ, ಔಷಧಿ ಪುಕ್ಕಟೆ. ಮೊದ್ಲಿನ ಹಾಗೆ ಮೆಡಿಕಲ್ ಕಾಲೇಜಿಗೆ ಬಸ್ಸು ಹತ್ತಬೇಕಾಗಿಲ್ಲ."

"ಅಲ್ಲಿ ಹೋದ್ರೆ ಉಸಿರೆಳ್ಕೊಳೋ ಪಂಪು ಕೊಡ್ತಾರೆ. ಪಂಪು ಹಿಡಿದವನ ಕೈಗೆ ಸೀಟಿ ಯಾರು ಕೊಡ್ತಾರೆ?"

"ಈಗೇನು ಕೊಡ್ತಿದಾರಾ? ಶಾಲು ಕೊಡ್ತಿದಾರೆ."

ಈ ಮಾತು ನಾಟಿತು. ಗುರುವಾರ ಅವನು ಹೋದ, ಆದರೆ ಮುಂಬಾಗಿಲಿಂದಲ್ಲ, ಔಷಧಿ ಕೋಣೆಯ ಹಿಂದಿನ ದಾರಿಯಿಂದ, ಮುಂಡಾಸಿನ ತುದಿಯನ್ನು ಮುಖದ ಮೇಲೆ ಎಳೆದುಕೊಂಡು.

ಕ್ಲಿನಿಕ್ಕಿನ ನರ್ಸು ಪ್ರಸೀದ ಈ ಕೆಲಸಕ್ಕೆಂದೇ ಸರ್ಕಾರ ತರಬೇತಿ ಕೊಟ್ಟು ಕಳಿಸಿದವಳು. ಚುರುಕು, ನಗುಮುಖ, ಬಾಯಿ ಜೋರು. ಮೇಜಿನ ಮೇಲೆ ಬ್ರೆಜಿಲ್ ತಂಡದ ಚಿತ್ರವಿರುವ ಲೋಟ ಇಟ್ಟುಕೊಂಡಿದ್ದಳು. ಅರ್ಜೆಂಟೀನಾ ಪಕ್ಷದ ವೀರಾನ್‌ಕುಟ್ಟಿಗೆ ಅವಳಲ್ಲಿ ಕಂಡ ದೋಷ ಅದೊಂದೇ. ಅವಳು ಮಿಷನ್ನಿನ ಕೊಳವೆಯನ್ನು ಅವನ ಬಾಯಿಗೆ ಕೊಟ್ಟು ಊದಿ ಎಂದಳು. ಊದುವುದನ್ನು ಇವನಿಗೆ ಯಾರು ಕಲಿಸಬೇಕು? ಎದೆಯುಬ್ಬಿಸಿ, ಕೆನ್ನೆಯುಬ್ಬಿಸಿ, ಫುರ್ರ್ ಎಂದು ಒಂದು ಕೊಟ್ಟ. ಪಕ್ಕದಲ್ಲಿ ಕೂತಿದ್ದ ಮುದುಕಿ ಬೆಚ್ಚಿ ಎದ್ದು ನಿಂತಳು.

"ಕಾಕ, ಇದಾಗಲ್ಲ. ಇನ್ನೊಂದ್ಸಲ."

ಇನ್ನೊಮ್ಮೆ ಫುರ್ರ್. ಮಿಷನ್ನು ಒಪ್ಪಲಿಲ್ಲ. ಮತ್ತೊಮ್ಮೆ. ಅದಕ್ಕೂ ಒಪ್ಪಲಿಲ್ಲ. ಇಷ್ಟು ವರ್ಷ ಊದಿದವನಿಗೆ ಊದಲು ಬರುವುದಿಲ್ಲ ಎಂದು ಒಂದು ಡಬ್ಬಿ ಹೇಳುವುದೆಂದರೆ ಅವಮಾನವಲ್ಲವೆ? ಅವನು ಏಳಲು ಹೊರಟ.

"ಕೂತ್ಕೊಳಿ," ಎಂದಳು ಪ್ರಸೀದ. "ನೀವು ಊದಿದ್ದು ಫೌಲು. ನನಗೆ ಬೇಕಾದ್ದು ಆಟ ಮುಗಿಯೋ ಸೀಟಿ. ಗದ್ದೇಲಿರೋರೆಲ್ಲ ಮನೆಗೆ ಹೋಗಿ ಕೈಕಾಲು ತೊಳ್ಕೊಂಡು ಊಟಕ್ಕೆ ಕೂರೋ ತನಕ ಊದ್ಬೇಕು. ಕೆನ್ನೆಯಿಂದ ಅಲ್ಲ, ಹೊಟ್ಟೆಯಿಂದ. ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ."

ಹಾಗೆ ಹೇಳಿದ್ದು ಅವನಿಗೆ ತಿಳಿಯಿತು. ಕಣ್ಣಲ್ಲಿ ನೀರು ಬರುವವರೆಗೆ ಊದಿದ. ಮಿಷನ್ನು ಈ ಸಲ ಒಪ್ಪಿ ಗೆರೆ ಎಳೆಯಿತು. ಗೆರೆ ಮಾತ್ರ ಚೆನ್ನಾಗಿರಲಿಲ್ಲ. ಡಾಕ್ಟರು ಅದನ್ನು ನೋಡಿ, ಹೋದ ಶ್ವಾಸಕೋಶ ಪೂರ್ತಿ ವಾಪಸು ಬರುವುದಿಲ್ಲ, ಉಳಿದದ್ದರಲ್ಲೇ ಚೆನ್ನಾಗಿ ಬದುಕುವುದನ್ನು ಕಲಿಯಬಹುದು, ಬೀಡಿ ಇವತ್ತೇ ಬಿಡಬೇಕು ಎಂದರು. ಎರಡು ಪಂಪು ಕೊಟ್ಟರು, ಒಂದು ದಿನಾ ತೆಗೆದುಕೊಳ್ಳಲು, ಇನ್ನೊಂದು ದಮ್ಮು ಕಟ್ಟಿದಾಗ. ಪಂದ್ಯದ ಮಾತು ತೆಗೆದದ್ದಕ್ಕೆ, "ನೋಡೋಣ, ಮೊದಲು ವರಾಂಡದಲ್ಲಿ ನಡೀರಿ" ಎಂದರು.

ಗುರುವಾರದ ವರಾಂಡ ಒಂದು ತಮಾಷೆಯ ಜಾಗ. ದಮ್ಮಿನವರೆಲ್ಲ ಸಾಲಾಗಿ ನಡೆಯಬೇಕು, ತೋಳು ಎತ್ತಬೇಕು, ಮೂಗಿನಿಂದ ಎಳೆದುಕೊಂಡ ಉಸಿರನ್ನು ದೀಪ ಆರಿಸುವವರಂತೆ ತುಟಿ ಚೂಪು ಮಾಡಿ ಮೆಲ್ಲಗೆ ಬಿಡಬೇಕು. ಅಂದು ಬೆಚ್ಚಿಬಿದ್ದ ಮುದುಕಿ ಕಾರ್ತ್ಯಾಯನಿಯಮ್ಮ, ಜೀವಮಾನವೆಲ್ಲ ಒಲೆಯ ಹೊಗೆಯಲ್ಲಿ ಭತ್ತ ಬೇಯಿಸಿದವಳು, ನಾಲ್ಕು ಹೆಜ್ಜೆ ಹಾಕಿ ಕೂತುಬಿಡುತ್ತಿದ್ದಳು. ವೀರಾನ್‌ಕುಟ್ಟಿಗೆ ಇದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಮುಂದಿನ ವಾರ ಜೇಬಿನಲ್ಲಿ ಹಳದಿ ಕಾರ್ಡು ಇಟ್ಟುಕೊಂಡು ಬಂದ.

"ಅಮ್ಮ, ಆಟದ ಮಧ್ಯೆ ಕೂತ್ರೆ ಹಳದಿ. ಇನ್ನೊಂದ್ಸಲ ಕೂತ್ರೆ ಹೊರಗೆ."

"ಹೊರಗೆ ಹಾಕಿದ್ರೆ ಒಳ್ಳೇದೇ ಆಯ್ತಲ್ಲ ಮಾಪ್ಳೆ, ಮನೆಗೆ ಹೋಗಿ ಮಲಗ್ತೀನಿ," ಎಂದಳಾಕೆ, ಊರಿನ ಮುಸ್ಲಿಮರನ್ನು ಕರೆಯುವ ರೂಢಿಯಂತೆ. ಆದರೂ ಎದ್ದು ನಡೆದಳು. ಬೀಡಿ ವಾಸನೆ ಹೊತ್ತು ಬಂದವನಿಗೆ ಅವನು ನೇರವಾಗಿ ಕೆಂಪು ತೋರಿಸುತ್ತಿದ್ದ. ಹೀಗೆ ತೋರಿಸುತ್ತ ತೋರಿಸುತ್ತ ತಾನೂ ಬಿಟ್ಟ. ಮಸೀದಿಯ ಏರಿನಲ್ಲಿ ಹಲಸಿನ ಮರಗಳು ಒಂದೊಂದಾಗಿ ಅವನ ಕೈತಪ್ಪಿ ಹೋದವು, ಕೊನೆಗೆ ಒಂದರ ಬಳಿ ಮಾತ್ರ ನಿಲ್ಲುತ್ತಿದ್ದ.

ಗದ್ದೆಯ ಕೊಯ್ಲಾಗುವ ಹೊತ್ತಿಗೆ ಡಾಕ್ಟರು ಒಪ್ಪಿದರು. ಪ್ರಸೀದ ಒಂದು ಷರತ್ತು ಹಾಕಿದಳು: "ದಮ್ಮು ಕಟ್ಟಿದ್ರೆ ಅಲ್ಲೇ ನಿಂತು ಪಂಪು ತೆಗೀಬೇಕು. ಬಾಳೆಗಿಡದ ಹಿಂದೆ ಓಡಿ ಹೋಗೋದಲ್ಲ."

"ಆಯ್ತು ಮೋಳೇ," ಎಂದ. ಮಗಳೇ ಎಂದು ಕರೆದು ಸುಳ್ಳು ಹೇಳಿದ್ದಕ್ಕೆ ಕಸಿವಿಸಿಯೇನೋ ಆಯಿತು. ಗದ್ದೆಯಂಚಿನ ಬಾಳೆಗಿಡ ಅವನು ಆಗಲೇ ಗೊತ್ತು ಮಾಡಿಟ್ಟಿದ್ದ. ಶೌಕತ್ತಿನ ಎದುರು, ಎರಡು ಕೇರಿಗಳ ಎದುರು ಪಂಪು ಬಾಯಿಗಿಡುವುದಕ್ಕಿಂತ ಸಾಯುವುದೇ ಮೇಲು ಎಂದು ಅವನ ಲೆಕ್ಕ. ಕಮಿಟಿಯಲ್ಲಿ ಹಟ ಹಿಡಿದು ಈ ವರ್ಷದ ಸೀಟಿ ಉಳಿಸಿಕೊಂಡಿದ್ದ. ಶಾಲು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಶೌಕತ್ತಿನ ಮಡಿಲಲ್ಲೇ ಇತ್ತು, ಪಂದ್ಯದ ದಿನವೂ.

ಮೊದಲರ್ಧದಲ್ಲಿ ವೀರಾನ್‌ಕುಟ್ಟಿ ಬಾಲಿನ ಬಾಲದಂತೆ ಓಡಾಡಿದ. ಬದುವಿನ ಮೇಲೆ ಗುರುವಾರದವರೆಲ್ಲ ಬಂದು ಕೂತಿದ್ದರು. ಅವನು ಎದುರು ಹಾದಾಗಲೆಲ್ಲ ಕಾರ್ತ್ಯಾಯನಿಯಮ್ಮ ತುಟಿ ಚೂಪು ಮಾಡಿ ತೋರಿಸುತ್ತಿದ್ದಳು. ಎರಡು ಕಡೆಗೂ ಒಂದೊಂದು ಗೋಲು. ಇಯ್ಯಾತ್ತುಟ್ಟಿ ಜಂಬದಿಂದ ಶೌಕತ್ತಿನ ಕಡೆಗೊಮ್ಮೆ ನೋಡಿದಳು.

ಎರಡನೆಯ ಅರ್ಧದಲ್ಲಿ ಗದ್ದೆ ಒಣಗಿ ಧೂಳೆದ್ದಿತು. ಒಮ್ಮೆಲೇ ತಾಳೇಕರದವರು ಬಾಲು ಕಸಿದುಕೊಂಡು ಆ ತುದಿಗೆ ನುಗ್ಗಿದರು. ವೀರಾನ್‌ಕುಟ್ಟಿ ಹಿಂದೆ ಓಡಿದ. ನಡುಗೆರೆ ದಾಟುತ್ತಿದ್ದಂತೆ ಎದೆಗೆ ಹಗ್ಗ ಬಿಗಿದಂತಾಯಿತು. ಕಾಲು ನಿಂತಿತು. ದೂರದಲ್ಲಿ ಗೋಲಿನೆದುರು ಮೈಗಳ ರಾಶಿ, ಮೇಲೆ ಧೂಳು. ಒಳಗಿನಿಂದ ಕೂಗು ಬಂತು, ಕೈ ತಾಗಿತು, ಪೆನಾಲ್ಟಿ. ಇಲ್ಲ, ಎದೆಗೆ ತಾಗಿದ್ದು ಎಂದು ಮೇಲೇಕರದವರು. ಅವನು ಇದ್ದ ಉಸಿರಲ್ಲಿ ಹೇಗೋ ಸೀಟಿ ಊದಿ ಆಟ ನಿಲ್ಲಿಸಿದ. ಎಲ್ಲರೂ ಅವನತ್ತ ಓಡಿಬಂದರು.

ಬಾಳೆಗಿಡ ದೂರವಿತ್ತು. ಅದಕ್ಕಿಂತ ಕಷ್ಟದ್ದು ಎದುರಿತ್ತು. ಕಂಡೆ ಎಂದು ಕೈಯೆತ್ತಿ ಯಾವುದೋ ಒಂದನ್ನು ಹೇಳಿಬಿಡಬಹುದಿತ್ತು. ಹೋದ ವರ್ಷ ನಡುಗೆರೆಯಿಂದಲೇ ಕಾಣದ್ದನ್ನೂ ಊದಿದ್ದ, ಯಾರೂ ಕೇಳಿರಲಿಲ್ಲ. ಅವನು ಒಮ್ಮೆ ಆಟಗಾರರ ಮುಖ ನೋಡಿದ, ಒಮ್ಮೆ ಬದುವಿನ ಕಡೆ ನೋಡಿದ. ಆಮೇಲೆ ಗದ್ದೆಯ ನಡುವೆ ಕೂತುಕೊಂಡು, ಜೇಬಿನಿಂದ ಪಂಪು ತೆಗೆದು, ಊರೆಲ್ಲ ನೋಡುತ್ತಿದ್ದಂತೆ ಎಳೆದುಕೊಂಡ.

ಮಾತು ಬರುವಷ್ಟು ದಮ್ಮು ಬಂದಾಗ ಹೇಳಿದ: "ನಾನು ಪಕ್ಕದಲ್ಲಿರಲಿಲ್ಲ. ಇಲ್ಲೇ ನಿಂತ್ಬಿಟ್ಟೆ. ಏನು ತಾಗ್ತೋ ನಾನು ನೋಡಿಲ್ಲ."

ಹೇಳಿ ತಲೆ ತಗ್ಗಿಸಿದ. ಅಲ್ಲಿಗೆ ತನ್ನ ಸೀಟಿಯ ಕಥೆ ಮುಗಿಯಿತು ಎಂದುಕೊಂಡ. ಶೌಕತ್ತು ಕಾಯುತ್ತಿದ್ದವನಂತೆ ಭಾವಮೈದನನ್ನು ಕರೆದುಕೊಂಡು ಗದ್ದೆಗಿಳಿದ. ಹುಡುಗನ ಕೊರಳಲ್ಲಿ ಹೊಸ ಸೀಟಿ ಹೊಳೆಯುತ್ತಿತ್ತು.

"ಸಾಕು ಕಾಕ, ಏಳಿ. ಇವನು ನೋಡ್ಕೊತಾನೆ. ಲೈನಿನಿಂದ ಇವನು ಎಲ್ಲಾ ನೋಡಿದಾನೆ, ಅದು ಪೆನಾಲ್ಟಿನೇ."

ತಾಳೇಕರದ ಕ್ಯಾಪ್ಟನ್ನು ರಜೀಶ ಎಂಬವನು, ಆಟೋ ಓಡಿಸುವವನು. ಪೆನಾಲ್ಟಿ ಸಿಕ್ಕಿದರೆ ಒದೆಯಬೇಕಾದವನು ಅವನೇ. ಅವನು ಬಾಲನ್ನು ಕಂಕುಳಿಗೆ ಸೇರಿಸಿ ಶೌಕತ್ತಿನ ಎದುರು ನಿಂತ.

"ನಿನ್ನ ಭಾವಮೈದನ್ನ ಕರ್ಕೊಂಡು ಹೋಗಪ್ಪ. ಗೋಲಿನೆದುರೇ ಇದ್ದ ನನಗೇ ಕೈಯೋ ಎದೆಯೋ ಗೊತ್ತಾಗಿಲ್ಲ, ಇವನಿಗೆ ಆ ಬದುವಿನಿಂದ ಕಾಣ್ತಂತೆ. ಕಾಣದ್ದನ್ನ ಕಂಡೆ ಅನ್ನೋ ರೆಫರಿಗಳು ಬೇಕಾದಷ್ಟು ಜನ ಇದಾರೆ. ಕಂಡಿಲ್ಲ ಅಂದೋನು ಇವರೊಬ್ರೇ. ನಾಳೆ ನಮ್ಮ ವಿರುದ್ಧ ಊದಿದಾಗ್ಲೂ ನಾನು ಇವರ ಮಾತೇ ನಂಬ್ತೀನಿ."

"ಉಸಿರಿಲ್ಲದೋರು ಆಟ ಆಡಿಸೋದು ಹೇಗೋ?" ಎಂದ ಶೌಕತ್ತು.

"ಬರುತ್ತೆ. ನಮಗೇನು ಬಸ್ಸು ಹೊರಟೋಗುತ್ತಾ?" ಎಂದು ರಜೀಶ ಅಲ್ಲೇ ನೆಲದ ಮೇಲೆ ಕೂತ. ಮೇಲೇಕರದ ಗೋಲ್‌ಕೀಪರೂ ಬಂದು ಪಕ್ಕದಲ್ಲಿ ಕೂತ. ನೋಡುನೋಡುತ್ತಿದ್ದಂತೆ ಎರಡೂ ಕಡೆಯವರು ಗದ್ದೆಯ ನಡುವೆ ಚಕ್ಕಂಬಕ್ಕಳ ಹಾಕಿದರು. ಬದುವಿನಿಂದ ಪ್ರಸೀದ "ಮೆಲ್ಲಗೆ ಬಿಡಿ ಕಾಕ, ಅವಸರ ಇಲ್ಲ" ಎಂದು ಕೂಗಿದಳು. ವೀರಾನ್‌ಕುಟ್ಟಿ ತುಟಿ ಚೂಪು ಮಾಡಿ ಮೆಲ್ಲಗೆ ಬಿಟ್ಟ. ಕಣ್ಣು ಒದ್ದೆಯಾದದ್ದು ದಮ್ಮಿನಿಂದ ಮಾತ್ರವಲ್ಲ.

ಎದ್ದು, ಪೆನಾಲ್ಟಿ ಕೊಡದೆ, ಬಾಲನ್ನು ಎರಡೂ ಕಡೆಯ ಒಬ್ಬೊಬ್ಬರ ನಡುವೆ ಕೆಳಕ್ಕೆ ಬಿಟ್ಟು ಆಟ ಶುರು ಮಾಡಿಸಿದ. ಉಳಿದ ಹೊತ್ತು ಅವನು ಓಡಲಿಲ್ಲ, ಬಿರಬಿರನೆ ನಡೆದ. ಸ್ವಲ್ಪದರಲ್ಲೇ ಬಾಲು ಆ ತುದಿಯಲ್ಲಿ ಪಕ್ಕದ ಗೆರೆ ದಾಟಿ ಹೋಯಿತು. ಮೇಲೇಕರದ ಆಟಗಾರ ಅದನ್ನೆತ್ತಿಕೊಂಡು ಎಸೆಯಲು ತಲೆಯ ಮೇಲೆ ಹಿಡಿದ. ಎದುರು ಅವನ ಕಡೆಯವನೊಬ್ಬ ಖಾಲಿ ನಿಂತು ಕೊಡೋ ಕೊಡೋ ಎಂದು ಕೂಗುತ್ತಿದ್ದ. ಆದರೂ ಅವನು ಎಸೆಯಲಿಲ್ಲ, ಬಾಲು ಹಿಡಿದು ಹಾಗೇ ನಿಂತ. ವೀರಾನ್‌ಕುಟ್ಟಿ ನಡೆದು ಬಂದು ಪಕ್ಕದಲ್ಲಿ ನಿಂತು ತಲೆಯಾಡಿಸಿದ ಮೇಲೆಯೇ ಎಸೆದ.