ಕಾಲ ನಡುವಿನ ಪಟ್ಟಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಪೀಣ್ಯದ ಒಂದು ಶೀಟ್ ಮೆಟಲ್ ಶೆಡ್ಡಿನಲ್ಲಿ ಗುಣಮಟ್ಟ ಪರೀಕ್ಷಕಿಯಾಗಿದ್ದೆ. ಅಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ, ಪಾಲಿಶ್ ಮಾಡುವವರಿಗೆ ಕೈಗವಸಿರಲಿಲ್ಲ. ಎರಡು ಅನ್ಯಾಯಗಳನ್ನೂ ನಾನು ಆಗಾಗ ಯಜಮಾನರ ಗಮನಕ್ಕೆ ತರುತ್ತಿದ್ದೆ. ಅವರು ಆಗಾಗ ಕಾಫಿ ತರಿಸುತ್ತಿದ್ದರು.

ಒಮ್ಮೆ ಸರ್ಕಾರಿ ಇಲಾಖೆಯೊಂದು ತನ್ನ ಮುಳುಗುಗಾರರಿಗಾಗಿ ಬ್ಯಾಕ್‌ಪ್ಲೇಟುಗಳನ್ನು ಕೇಳಿತು. ಬೆನ್ನಿಗೆ ಒರಗುವ ಉಕ್ಕಿನ ಹಲಗೆ, ಅದಕ್ಕೆ ಬಿಗಿದ ಗಾಳಿಯ ಸಿಲಿಂಡರ್; ಹಲಗೆಯ ಉದ್ದನೆಯ ತೂತುಗಳಲ್ಲಿ ಹಾಯ್ದ ನೈಲಾನ್ ಪಟ್ಟಿ ಹೆಗಲನ್ನೂ ಸೊಂಟವನ್ನೂ ಹಿಡಿದಿಡುತ್ತದೆ. ನಮ್ಮಲ್ಲಿ ಯಾರೂ ಸಮುದ್ರವನ್ನು ಕಂಡಿರಲಿಲ್ಲ. ಚಿಕ್ಕಬಾಣಾವರದ ಕೆರೆಯೇ ನಮ್ಮ ಜಲರಾಶಿ. ಯಜಮಾನರು ಮೊದಲ ಮಾದರಿಯ ಗುಣವನ್ನು ತಮಗೆ ತಿಳಿದಿದ್ದ ಕ್ರಮದಲ್ಲಿ ಅಳೆದರು: ಅದರಲ್ಲಿ ಮುಖ ನೋಡಿ ಮೀಸೆ ತೀಡಿಕೊಂಡರು.

"ಎಂಗೈತೆ? ಕನ್ನಡಿ ಕಣ್ರೀ!"

ತೂತುಗಳ ಅಂಚು ಚೂಪಾಗಿತ್ತು. ಪಟ್ಟಿಯನ್ನು ಎಳೆದಾಡಿದರೆ ನೂಲು ಏಳುತ್ತಿತ್ತು. ಅಂಚನ್ನು ಅರದಿಂದ ಉಜ್ಜಿಸಲು ಅವರು ಒಪ್ಪಿದರು. ಒಪ್ಪದೆ ಹೋದದ್ದು ಮತ್ತೊಂದಕ್ಕೆ. ನಕ್ಷೆಯಲ್ಲಿ ಪ್ಲೇಟಿನ ಕೆಳತುದಿಯಿಂದ ಹೊರಟು, ಕಾಲುಗಳ ನಡುವೆ ಹಾಯ್ದು, ಸೊಂಟಪಟ್ಟಿಯ ಮುಂಭಾಗಕ್ಕೆ ಸೇರುವ ಪಟ್ಟಿಯೊಂದಿತ್ತು. ಮಾದರಿಯಲ್ಲಿ ಅದು ಕಾಣೆಯಾಗಿತ್ತು.

"ಕಾಲ ನಡುವಿನ ಪಟ್ಟಿ ಎಲ್ಲಿ?" ಎಂದು ಕೇಳಿದೆ. ದೇಹದ ಯಾವ ಭಾಗವನ್ನೂ ಪಿಸುಮಾತಿನಲ್ಲಿ ಹೇಳಬೇಕಾಗಿಲ್ಲವೆಂದು ನನಗೆ ಶಾಲೆಯಲ್ಲಿ ಕಲಿಸಿದ್ದರು. ಶೆಡ್ಡಿನ ಗಂಡಸರೆಲ್ಲ ಒಮ್ಮೆಗೇ ನೆಲ ನೋಡತೊಡಗಿದರು.

"ಮೆಲ್ಲಗೆ ಮೇಡಮ್ಮ!" ಎಂದರು ಯಜಮಾನರು. ಅದೇ ನೆಲದಲ್ಲಿ ಹಿಂದೆ ರಾಗಿ ಬೆಳೆದ ಮನೆತನ ಅವರದು. "ಮರ್ಯಾದಸ್ತ್ರು ಆಕ್ಕೊಳ್ಳೋದಾ ಅದು? ನಾನೇ ತೆಗೆಸ್ದೆ. ಸೊಂಟಕ್ಕೆ ಬೆಲ್ಟ್ ಐತಲ್ಲ."

"ಅದಿಲ್ದಿದ್ರೆ ನೀರಲ್ಲಿ ಪ್ಲೇಟು ಮೇಲಕ್ಕೆ ಜರುಗತ್ತೆ ಸಾರ್. ಸಿಲಿಂಡರ್ ತಲೆಗೆ ಬಡಿಯತ್ತೆ. ಬಾಯಲ್ಲಿರೋ ಗಾಳಿ ಪೈಪು ಕಿತ್ಕೊಂಡ್ರೆ ಮನುಷ್ಯ ಸಾಯ್ತಾನೆ."

"ನೀವ್ ಯಾವ್ ಸಮುದ್ರದಾಗೆ ಮುಳುಗಿ ಬಂದ್ರಿ?"

ಎಲ್ಲರೂ ನಕ್ಕರು. ಹೊಸ ಕೊಂಡಿ ಬಂದಾಗಲೆಲ್ಲ ಅದನ್ನು ಸರಕು ಎತ್ತುವ ಸರಪಳಿ ರಾಟೆಗೆ, ಅಂದರೆ ಚೈನ್ ಬ್ಲಾಕಿಗೆ, ಸಿಕ್ಕಿಸಿ, ಭಾರ ತೂಗುಹಾಕಿ ನೋಡುವುದು ನಮ್ಮಲ್ಲಿ ವಾಡಿಕೆ. "ಇದನ್ನೂ ತೂಗ್ಹಾಕೋಣ. ಸರಿ ಇದೆ ಅಂದೋರೇ ಹಾಕ್ಕೊಳ್ಲಿ" ಎಂದೆ. ವಿವೇಕಕ್ಕೆ ಬಗ್ಗದ ಗಂಡಸುತನ ಸವಾಲಿಗೆ ಬಗ್ಗುತ್ತದೆ. ಯಜಮಾನರು ಪಂಚೆಯ ಮೇಲೆಯೇ ಪ್ಲೇಟು ಬಿಗಿದುಕೊಂಡರು, ಕೆಲಸಗಾರರು ಪ್ಲೇಟನ್ನು ಕೊಕ್ಕೆಗೆ ಸಿಕ್ಕಿಸಿ ಸರಪಳಿ ಎಳೆದರು. ಪಾದ ನೆಲ ಬಿಡುತ್ತಿದ್ದಂತೆ ಸೊಂಟಪಟ್ಟಿ ಕಂಕುಳಿಗೆ ಏರಿತು, ಪ್ಲೇಟು ಹಿಂದಲೆಗೆ ಕುಟ್ಟಿತು.

"ಇಳಿಸ್ರೋ! ಇಳಿಸ್ರೋ ಮುಂಡೇವಾ!"

ಉಸಿರು ಮರಳಿದ ಮೇಲೆ ಅವರು ನನ್ನತ್ತ ನೋಡದೆಯೇ ಹೇಳಿದರು: "ಆ ಪಟ್ಟೀನೂ ಒಲಿಸಾಕ್ರಿ."

ಇಲಾಖೆಯ ಅಧಿಕಾರಿ ಮಾದರಿ ಪರೀಕ್ಷಿಸಲು ಬಂದ ದಿನ ವಿವರಣೆಗೆ ನಾನು ಸಿದ್ಧಳಾಗಿದ್ದೆ. ಯಜಮಾನರು ಪಂಚೆಯನ್ನು ಕಚ್ಚೆ ಕಟ್ಟಿ ನಿಂತಿದ್ದರು.

"ನಾನೇ ತೋರುಸ್ತೀನಿ. ಎಂಗಸ್ರ ಮುಂದೆ ಚೆಂದಾಗಿರಾಕಿಲ್ಲ. ನೀವೊಸಿ ಆಚೆ ಇರಿ ಮೇಡಮ್ಮ."

ಪರೀಕ್ಷಕಿಯನ್ನೇ ಹೊರಗಿಟ್ಟು ನಡೆಸುವ ಪರೀಕ್ಷೆಯ ವಿರುದ್ಧ ನಾನು ತತ್ತ್ವಬದ್ಧವಾಗಿ ಪ್ರತಿಭಟಿಸಿದೆ. ಅವರು ಗೌರವದಿಂದ ಕೇಳಿಸಿಕೊಂಡು ಶಟರ್ ಎಳೆಸಿದರು. ಒಳಗೆ ಸರಪಳಿಯ ಸದ್ದು ಶುರುವಾಯಿತು. ನಾನು ಶಟರಿಗೆ ಬಾಯಿಟ್ಟು, ರಸ್ತೆಯ ಲಾರಿಗಳಿಗೂ ಕೇಳಿಸುವಂತೆ ಕೂಗಿದೆ:

"ಕಾಲ ನಡುವಿನ ಪಟ್ಟಿ ಬಿಗಿಯಾಗಿದೆಯಾ?"

ಸರಪಳಿ ನಿಂತಿತು. ಮೇಲಿನಿಂದಲೇ ತಗ್ಗಿದ ದನಿಯೊಂದು ಬಂತು:

"ಬಿಗಿಯಾಗೈತೆ ಮೇಡಮ್ಮ."