ಒಂದು ವರ್ಷದ ನೀಲಿ

ಹೋದ ಭಾನುವಾರ ಯಜಮಾನರ ಬಿಳಿ ಪಂಚೆಗೆ ನೀಲಿ ಹಾಕುವಾಗ ಡಬ್ಬಿಯ ಮುಚ್ಚಳ ಸಡಿಲಾಗಿ ನನ್ನ ಎರಡು ಬೆರಳು ಉಗುರಿನ ಸಂದಿಯವರೆಗೂ ನೀಲಿಯಾದವು. ಸೋಪು ಹಚ್ಚಿ ಉಜ್ಜಿದರೂ ಹೋಗಲಿಲ್ಲ. ಬಕೆಟ್ಟಿನ ಮುಂದೆ ಹಾಗೇ ಕೂತುಬಿಟ್ಟೆ. ಲ್ಯಾಬ್ ಸಾರ್ ಬೆರಳುಗಳು ಯಾವಾಗಲೂ ಹೀಗೇ ಇರುತ್ತಿದ್ದವು...

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅರಸೀಕೆರೆಯಲ್ಲಿ ದನ, ಕುರಿಗಳ ರಕ್ತ ಪರೀಕ್ಷೆ ಮಾಡುವ ಒಂದು ಸಣ್ಣ ಖಾಸಗಿ ಲ್ಯಾಬಿಗೆ ಸಹಾಯಕಿಯಾಗಿ ಸೇರಿದ್ದೆ. ಕೆಲಸವೆಲ್ಲ ಸಾರ್ ಒಬ್ಬರದೇ. ಕಿಟಕಿಯ ಮೇಲೆ ಅವರು ರಕ್ತಕ್ಕೆ ಹಾಕಿ ಪರೀಕ್ಷಿಸುವ ನೀಲಿ ಬಣ್ಣದ ಒಂದು ಬಾಟಲಿ ಇಟ್ಟಿದ್ದರು. ವರ್ಷದಷ್ಟು ಹಳೆಯದು, ಬಾಯಿಗೆ ಮುಚ್ಚಳದ ಬದಲು ಹತ್ತಿ. ದಿನಾ ಬೆಳಿಗ್ಗೆ ಅದನ್ನೊಮ್ಮೆ ಕುಲುಕಿ ಮತ್ತೆ ಅಲ್ಲೇ ಇಡುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನನಗೋ ಆಗಲೂ ಈಗಲೂ ತೊಳೆಯುವ ಹುಚ್ಚು. ಸಾರ್ ರಜೆ ಹಾಕಿದ್ದ ದಿನ ಇಡೀ ಲ್ಯಾಬನ್ನು ತೊಳೆದೆ. ಕರೆ ಕಟ್ಟಿದ್ದ ಆ ಬಾಟಲಿಯನ್ನೂ ಸಿಂಕಿಗೆ ಸುರಿದು, ಫಳಫಳ ಬೆಳಗಿ, ಹೊಸ ಬಣ್ಣ ಕಲಸಿ ತುಂಬಿಟ್ಟೆ. ನಾಳೆ ಸಾರ್ ಹೊಗಳುತ್ತಾರೆ ಎಂದು ಬೀಗುತ್ತಾ ಮನೆಗೆ ಹೋದೆ.

ಮರುದಿನ ಸಾರ್ ಬಂದು ಕೋಟು ತೊಡುವಷ್ಟರಲ್ಲಿ ಗಂಡಸಿ ಎಂಬ ಊರಿನ ಕಡೆಯ ಕುರಿಯವನೊಬ್ಬ ಟಿಫನ್ ಡಬ್ಬಿ ಹಿಡಿದು ಬಂದ. ಒಳಗೆ ಸತ್ತ ಕುರಿಯ ಕಿವಿ.

"ಈ ವಾರದಾಗೆ ಇದು ಮೂರನೇದು ಸಾಮಿ. ಮೂಗಲ್ಲಿ ಕರೀ ರಕ್ತ ಬಂದೈತೆ."

ನಾನು ಬರಿಗೈಯಲ್ಲೇ ಡಬ್ಬಿ ಇಸಿದುಕೊಂಡೆ. "ಕೆಳಗಿಡು" ಎಂದು ಸಾರ್ ಗದರಿದರು. ಅವರು ದನಿ ಏರಿಸಿದ್ದನ್ನು ಅಂದೇ ಮೊದಲು ಕೇಳಿದ್ದು. ಅವರ ಕಣ್ಣು ಕುರಿಯವನ ಮಣಿಕಟ್ಟಿನ ಮೇಲಿತ್ತು. ಅಲ್ಲಿ ರೂಪಾಯಿ ಅಗಲದ ಹುಣ್ಣು, ನಡುವೆ ಇದ್ದಿಲಿನಷ್ಟು ಕಪ್ಪು.

"ನೋಯುತ್ತಾ?"

"ಇಲ್ಲ ಸಾಮಿ. ಮೊದಲು ಸತ್ತಿದ್ದರ ಚರ್ಮ ಸುಲೀವಾಗ ಚಾಕು ತಗುಲ್ತು, ಅಷ್ಟೇಯ."

ನೋವಿಲ್ಲ ಎಂದದ್ದಕ್ಕೇ ಸಾರ್ ಮುಖ ಬಿಳಿಚಿಕೊಂಡಿತು. ಆ ರೋಗದ ಹುಣ್ಣು ನೋಯುವುದಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಕಿವಿಯ ರಕ್ತವನ್ನು ಗಾಜಿನ ಮೇಲೆ ಸವರಿ, ಬಿಸಿ ಮಾಡಿ, ಬಣ್ಣ ಹಾಕಿ ಮೈಕ್ರೋಸ್ಕೋಪಿಗೆ ಬಗ್ಗಿದರು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಹಳೇ ಬಣ್ಣ ಎಲ್ಲಿದೆಯಮ್ಮ?"

"ಚೆಲ್ಲಿದೆ ಸಾರ್... ಕೊಳೆಯಾಗಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆರಡಿ ರೋಗದ, ಅಂದರೆ ಆಂಥ್ರಾಕ್ಸಿನ ಕ್ರಿಮಿಯ ಸುತ್ತ ಒಂದು ಗುಲಾಬಿ ಪೊರೆ ಕಾಣಬೇಕು, ತಿಂಗಳುಗಟ್ಟಲೆ ಗಾಳಿ ಕುಡಿದು ಹಣ್ಣಾದ ಬಣ್ಣದಲ್ಲಿ ಮಾತ್ರ ಅದು ಕಾಣುತ್ತದೆ ಎಂದು ಮೆಲ್ಲಗೆ ಹೇಳಿದರು. ನನ್ನ ಹೊಸ ಬಣ್ಣದಲ್ಲಿ ಬರೀ ನೀಲಿ ಕಡ್ಡಿಗಳಿದ್ದವು. ಕೊಳೆತ ಹೆಣದಲ್ಲೂ ಅಂಥ ಕಡ್ಡಿಗಳಿರುತ್ತವಂತೆ. ಉಳಿದ ರಕ್ತವನ್ನು ಗಾಜಿನ ತಟ್ಟೆಗೆ ಹಾಕಿ ಕ್ರಿಮಿ ಬೆಳೆಯಲು ಬಿಟ್ಟರು. ಉತ್ತರಕ್ಕೆ ಒಂದು ದಿನ ಕಾಯಬೇಕಿತ್ತು.

ಕುರಿಯವನಿಗೆ ಚೀಟಿ ಬರೆದುಕೊಟ್ಟು, ಈಗಲೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೋ ಎಂದರು.

"ಅದೇ ರೋಗ ಅಂತೀರಾ ಸಾಮಿ?"

ಸಾರ್‌ಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಅನುಮಾನ ಇದೆ. ನಾಳೆ ಖಚಿತವಾಗುತ್ತೆ."

"ಹಂಗಾರೆ ನಾಳೇಕೇ ಬತ್ತೀನಿ. ನೋವೇ ಇಲ್ವಲ್ಲ."

ಸಾರ್ ಬಾಗಿಲವರೆಗೂ ಹಿಂದೆ ಹೋಗಿ ಬೇಡಿಕೊಂಡರು. ಅವನು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು ಗಂಡಸಿ ಬಸ್ಸು ಹತ್ತಿದ.

ಆ ದಿನ ಎಷ್ಟು ಸಲ ಕೈ ತೊಳೆದೆನೋ. ಸೊಳ್ಳೆ ಕಚ್ಚಿದ ಗುರುತನ್ನೂ ಬೆಳಕಿಗೆ ಹಿಡಿದು, ಕಪ್ಪಗಾಗುತ್ತಿದೆಯೇ ಎಂದು ನೋಡಿದೆ. ನನ್ನ ಜೀವದ ಭಯದಲ್ಲಿ ಅವನ ನೆನಪೇ ಆಗಲಿಲ್ಲ. ಮರುದಿನ ಸಾರ್ ತಟ್ಟೆಯನ್ನು ಹೊರತೆಗೆದಾಗ ನಾನು ಗೋಡೆಗೆ ಅಂಟಿಕೊಂಡಿದ್ದೆ. ಬೂದು ಬಣ್ಣದ ಚುಕ್ಕೆಗಳು, ಅಂಚಿನಲ್ಲಿ ಗುಂಗುರು ಕೂದಲಿನಂಥ ಎಳೆಗಳು.

"ಅದೇ" ಎಂದರು ಸಾರ್.

ಕುರಿಯವನು ಬಂದಿರಲಿಲ್ಲ. ಸಾರ್ ಸ್ಕೂಟರಿನಲ್ಲಿ ಅವನ ಊರಿಗೇ ಹೋದರು. ಕೈ ಬಾತು ಕುತ್ತಿಗೆಗೆ ಏರಿತ್ತಂತೆ. ಮಾತಾಡಲಾಗದೆ ಮಲಗಿದ್ದವನನ್ನು ಕಾರು ಮಾಡಿಸಿ ಆಸ್ಪತ್ರೆಗೆ ಸೇರಿಸಿದರು. ಅವನು ಮೂರನೇ ದಿನ ತೀರಿಕೊಂಡ.

ಮೊದಲ ದಿನವೇ ಯಾಕೆ ಹೇಳಲಾಗಲಿಲ್ಲ ಎಂದು ಲ್ಯಾಬಿನ ಮಾಲೀಕರು ಕೇಳಿದಾಗ ನಾನು ಅಲ್ಲೇ ನಿಂತಿದ್ದೆ. ಒರೆಸಿದ್ದ ಮೇಜನ್ನೇ ಮತ್ತೆ ಒರೆಸುತ್ತಿದ್ದೆ.

"ಹಳೇ ಬಣ್ಣ ನಾನೇ ಚೆಲ್ಲಿಬಿಟ್ಟಿದ್ದೆ" ಎಂದರು ಸಾರ್. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮುಂದಿನ ತಿಂಗಳಿಂದ ಕೆಲಸಕ್ಕೆ ಬರಬೇಡಿ ಎಂದು ಮಾಲೀಕರು ಅವರಿಗೆ ಹೇಳಿದರು. ನನ್ನ ಕೆಲಸ ಉಳಿಯಿತು... ಸಾರ್ ತಮ್ಮೂರು ಬೇಲೂರಿಗೆ ಹೋಗಿದ್ದರು. ಹೋಗಿ ಕ್ಷಮೆ ಕೇಳಬೇಕೆಂದು ಒಮ್ಮೆ ಬಸ್ಸು ಹತ್ತಿ, ಧೈರ್ಯ ಸಾಲದೆ ಹಳೇಬೀಡಿನಲ್ಲೇ ಇಳಿದು ವಾಪಸಾದೆ. ಮತ್ತೊಮ್ಮೆ ಹೊರಡುವಷ್ಟರಲ್ಲಿ ಅವರು ಇನ್ನಿಲ್ಲವೆಂಬ ಸುದ್ದಿ ಬಂತು.

"ಪಂಚೆ ಒಣಹಾಕಿದೀನಿ. ಈ ನೀಲಿ ನೀರು ಯಾಕಿನ್ನೂ ಹಂಗೇ ಇದೆ? ಚೆಲ್ಲಲಾ?" ಯಜಮಾನರು ಬಚ್ಚಲಿಗೆ ಇಣುಕಿದರು.

"ಚೆಲ್ಲಬೇಡಿ" ಎಂದೆ. ಅವರು ಹೋದ ಮೇಲೆ ಬಾಗಿಲು ಮುಂದೆ ಮಾಡಿ, "ನಾನು ಸಾರ್, ನಾನು ಚೆಲ್ಲಿದ್ದು" ಎಂದು ಬಕೆಟ್ಟಿನ ಮುಂದೆ ಹೇಳಿದೆ. ಆ ದಿನ ಮಾಲೀಕರ ಮುಂದೆ ಹೇಳಬೇಕಿದ್ದ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.