ಶಾಹಿದಾ ಮೇಡಂ ಮಾಡಿದ ಗುಂಪುಗಳು

ಶಾಹಿದಾ ಮೇಡಂ ಕಂಪ್ಯೂಟರ್ ಕ್ಲಾಸಿಗೆ ಒಂದು ಡಬ್ಬಿ ತುಂಬ ಗುಂಡಿ ತರುತ್ತಿದ್ದರು. ಅಂಗಿಯವು, ಕೋಟಿನವು, ಮಕ್ಕಳ ಫ್ರಾಕಿನವು. ಶಿಡ್ಲಘಟ್ಟದಲ್ಲಿ ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ಅವರ ಕ್ಲಾಸು. ಮೊದಲ ದಿನ ನಾವು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದರೆ, ಅವರು ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ, "ಗುಂಪು ಮಾಡಿ, ನೋಡಣ" ಎಂದರು. ನಾನು ಬಣ್ಣ ನೋಡಿ ಮಾಡಿದೆ. ಪಕ್ಕದವಳು ತೂತು ಎಣಿಸಿ ಮಾಡಿದಳು. ಯಾರದು ಸರಿ ಎಂದು ಕೇಳಿದೆವು.

"ಎರಡೂ ಸರಿ ಕಣ್ರಮ್ಮ. ಗುಂಡಿ ಅವೇ, ನೀವು ಕೇಳಿದ್ದು ಬೇರೆ ಬೇರೆ. ಆ ಕೇಳೋದಕ್ಕೇ ಕೀ ಅಂತಾರೆ."

ಬಣ್ಣ ಗೊತ್ತಾಗದಷ್ಟು ಮಾಸಿದ, ಮುರಿದ ಗುಂಡಿಯೊಂದನ್ನು ನಾನು ಪಕ್ಕಕ್ಕೆ ಸರಿಸಿದ್ದೆ. ಅದನ್ನು ಎತ್ತಿ ವಾಪಸ್ ಇಟ್ಟರು. "ಗೊತ್ತಿಲ್ದೇ ಇರೋದಕ್ಕೂ ಒಂದು ಗುಂಪು ಮಾಡು. ಬಿಸಾಕಿದ್ರೆ ಲೆಕ್ಕ ಸುಳ್ಳಾಗುತ್ತೆ."

ತೆಳ್ಳನೆಯ ಹೆಂಗಸು. ಮಾತು ಮಾತ್ರ ಗಟ್ಟಿ. ಮನೆಯಲ್ಲಿ ಉರ್ದು, ನಮ್ಮೊಂದಿಗೆ ಕನ್ನಡ, ಚಿಂತಾಮಣಿ ಕಡೆಯ ಹುಡುಗಿಯರು ಬಂದರೆ ತೆಲುಗು. ಬೈಗುಳ ಮೂರರಲ್ಲೂ ಒಂದೇ ಧಾಟಿ. ಜನರ ಹೆಸರುಗಳನ್ನು ಊರಿನ ಪ್ರಕಾರ ಗುಂಪು ಮಾಡಲು ನಾನು ಮೊದಲ ಸಲ ಪ್ರೋಗ್ರಾಂ ಬರೆದಾಗ ಪ್ರತಿ ಗುಂಪಿನಲ್ಲೂ ಒಂದೊಂದೇ ಹೆಸರು ಉಳಿಯುತ್ತಿತ್ತು. ಮೇಡಂ ಪರದೆಗೆ ಬಗ್ಗಿ ನೋಡಿ ನಕ್ಕರು. "ಹೊಸಬರು ಬಂದಾಗೆಲ್ಲ ಹಳೇ ಮನೆ ಕೆಡವಿ ಹೊಸ ಮನೆ ಕಟ್ತಿದ್ದೀಯಲ್ಲಮ್ಮ! ಆ ಹೆಸರಿನ ಮನೆ ಇದೆಯಾ ಅಂತ ಮೊದ್ಲು ಕೇಳು. ಇದ್ರೆ ಒಳಗೆ ಕೂರ್ಸು. ಇಲ್ದಿದ್ರೆ ಮಾತ್ರ ಕಟ್ಟು." ಇವತ್ತು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನಾನು ಇದೇ ಪಾಠ ಮಾಡುವಾಗ ಇದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ.

ಆ ವರ್ಷ ನಮ್ಮೂರು ಸಾದಲಿಯ ಸುತ್ತಮುತ್ತ ರೇಷ್ಮೆ ಹುಳುಗಳು ಗೂಡು ಕಟ್ಟುವ ಹೊತ್ತಿಗೆ ಸಾಯತೊಡಗಿದವು. ನನ್ನ ಅಪ್ಪ ತಮ್ಮ ತೋಟದ ಹಿಪ್ಪುನೇರಳೆ ಸೊಪ್ಪನ್ನು ಏಳು ಮನೆಗಳಿಗೆ ಮಾರುತ್ತಿದ್ದರು. ಅದರಲ್ಲಿ ನಾಲ್ಕು ಮನೆಯ ಬೆಳೆ ಹೋಯಿತು. "ಸೊಪ್ಪಿಗೆ ಔಷಧಿ ಹೊಡ್ದು ಮಾರವ್ನೆ" ಎಂದು ಊರೆಲ್ಲ ಮಾತಾಯಿತು. ಅಪ್ಪ ಹೊಡೆದಿರಲಿಲ್ಲ. ಆದರೆ ಅವರನ್ನು ನಂಬುವವರಿರಲಿಲ್ಲ. ನೀರು ಹಿಡಿಯಲು ಹೋದ ಅಮ್ಮನನ್ನು ಯಾರೂ ಮಾತಾಡಿಸಲಿಲ್ಲ. ನಾನು ಕ್ಲಾಸಿನಲ್ಲಿ ಕೂತು ಅತ್ತೆ.

"ಅತ್ರೆ ಏನೂ ಗೊತ್ತಾಗಲ್ಲಮ್ಮ. ಪಟ್ಟಿ ಮಾಡಣ, ನಡಿ" ಎಂದರು ಮೇಡಂ.

ಮೂರು ದಿನ ಅವರ ಸ್ಕೂಟರಿನಲ್ಲಿ ನಲವತ್ತು ಮನೆ ಸುತ್ತಿದೆವು. ಯಾವ ಊರು, ಸೊಪ್ಪು ಎಲ್ಲಿಯದು, ಹುಳು ಎಲ್ಲಿಂದ ತಂದದ್ದು, ಬೆಳೆ ಉಳಿಯಿತೋ ಹೋಯಿತೋ. ಊರಿನ ಪ್ರಕಾರ ಗುಂಪು ಮಾಡಿದರೆ ಎಲ್ಲ ಕಲಸುಮೇಲೋಗರ. ಸಾಲದ್ದಕ್ಕೆ ನಾನು ಒಂದು ಕಡೆ 'ಸಾದಲಿ', ಇನ್ನೊಂದು ಕಡೆ 'ಸಾದ್ಲಿ' ಎಂದು ಬರೆದು ಒಂದೇ ಊರನ್ನು ಎರಡು ಮಾಡಿದ್ದೆ, ಅದನ್ನೂ ತಿದ್ದಿಸಿದರು. ಸೊಪ್ಪಿನ ಪ್ರಕಾರ ಮಾಡಿದಾಗ, ಅಪ್ಪನ ಸೊಪ್ಪು ತಿಂದ ಮೂರು ಮನೆಯ ಹುಳು ಚೆನ್ನಾಗಿಯೇ ಗೂಡು ಕಟ್ಟಿದ್ದು ಕಂಡಿತು. ಕೊನೆಗೆ ಹುಳು ತಂದ ಜಾಗದ ಪ್ರಕಾರ ಮಾಡಿದೆವು. ಮೊಟ್ಟೆಯೊಡೆದ ಹುಳುಗಳನ್ನು ಮೊದಲ ಹತ್ತು ದಿನ ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರಗಳು ನಾಲ್ಕಿದ್ದವು. ಬೆಳೆ ಹೋದ ಮನೆಗಳೆಲ್ಲ ಒಂದೇ ಕೇಂದ್ರದ ಕೆಳಗೆ ಬಂದು ಕೂತವು.

ಅದು ಮೇಡಂ ಅವರ ಅಣ್ಣನ ಕೇಂದ್ರ. ತಂದೆ ತೀರಿಕೊಂಡ ಮೇಲೆ ಅವರನ್ನು ಸಾಕಿ ಓದಿಸಿದ ಅಣ್ಣ.

ಮೇಡಂ ಪಟ್ಟಿಯನ್ನು ಮೊದಲಿಂದ ಇನ್ನೊಮ್ಮೆ ಓದಿದರು. ನನಗೇ ತಡೆಯಲಾಗಲಿಲ್ಲ. "ಬಿಟ್ಬಿಡಣ ಮೇಡಂ. ನಮ್ಮಪ್ಪಂದು ತಪ್ಪಿಲ್ಲ ಅಂತ ಗೊತ್ತಾಯ್ತಲ್ಲ, ಸಾಕು."

"ನಿಮ್ಮಪ್ಪನ ಹೆಸರು ಬಂದಿದ್ರೆ ನಾನು ಬಿಡ್ತಿದ್ನಾ?" ಎಂದು ಎದ್ದರು.

ಅಣ್ಣನ ಮುಂದೆ ಕಾಗದವಿಟ್ಟಾಗ ಅವರು ಉರ್ದುವಿನಲ್ಲಿ ಕೂಗಾಡಿದರು. ನನಗೆ ಅರ್ಥವಾದದ್ದು ಅರ್ಧ: ನಿನ್ನನ್ನು ಓದಿಸಿದ್ದು ಇದಕ್ಕೇನಾ ಎಂಬುದು. ಮೇಡಂ ದನಿ ಏರಿಸಲಿಲ್ಲ. ಕನ್ನಡದಲ್ಲೇ, ನನಗೂ ಕೇಳುವಂತೆ, "ಹೌದು ಭಾಯ್, ಇದಕ್ಕೇ. ನಾನು ಹೇಳ್ದೆ ಅಂತ ನಂಬಬೇಡಿ. ಹುಳ ಟೆಸ್ಟ್ ಮಾಡ್ಸಿ" ಎಂದರು.

ಅಣ್ಣ ಮಾಡಿಸಿದರು. ರೋಗ ಅವರ ತಟ್ಟೆಗಳಲ್ಲೇ ಇತ್ತು. ಕೇಂದ್ರ ಮುಚ್ಚಿ ಪೂರ್ತಿ ತೊಳೆಸಿದರು. ಆಮೇಲೆ, ಯಾರೂ ಹೇಳದೆ, ತಾವೇ ಸಾದಲಿಗೆ ಬಂದು ಅಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ತಪ್ಪು ನಮ್ಮಲ್ಲಿತ್ತು, ಇವರ ಸೊಪ್ಪಲ್ಲಿ ಅಲ್ಲ" ಎಂದು ಜನರ ಮುಂದೆ ಹೇಳಿದರು. ಆದರೆ ತಂಗಿಯೊಡನೆ ಮಾತು ಬಿಟ್ಟರು. ಮೇಡಂ ಆ ವಿಷಯ ಎತ್ತಲಿಲ್ಲ, ಪಾಠವನ್ನೂ ತಪ್ಪಿಸಲಿಲ್ಲ. ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಣ್ಣ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಆ ಸಲದ ರೈತರ ಪಟ್ಟಿ. "ಇದನ್ನೂ ನೋಡ್ಬಿಡು" ಎಂದರು. ಮೇಡಂ ಕುರ್ಚಿ ಎಳೆದು ಕೊಟ್ಟರು.

ಹೋದ ವರ್ಷ ಮೇಡಂ ಕಾಯಿಲೆ ಬಿದ್ದರು. ಕೊನೆಯ ಸಲ ನೋಡಲು ಹೋದಾಗ ದನಿ ಕ್ಷೀಣವಾಗಿತ್ತು. ನನ್ನ ವಿದ್ಯಾರ್ಥಿಗಳ ಪ್ರೋಗ್ರಾಂ ಓದಿಸಿಕೊಂಡು, ಒಂದು ಸಾಲಿಗೆ ಕೈಯೆತ್ತಿ ನಿಲ್ಲಿಸಿ, "ಇದು ಬೇಕಿಲ್ಲ, ತೆಗೆಸು" ಎಂದರು. ನಿಜಕ್ಕೂ ಬೇಕಿರಲಿಲ್ಲ. ಅದಾದ ಹತ್ತು ದಿನಕ್ಕೆ ತೀರಿಕೊಂಡರು.

ಹೆಂಗಸರು ನಾವು ಮೇಡಂ ಮನೆಯಲ್ಲೇ ಉಳಿದೆವು. ಅಪ್ಪ ಸಾದಲಿಯಿಂದ ಬಂದು, ಮೇಡಂ ಅಣ್ಣನ ಜೊತೆ ಖಬರಸ್ತಾನಕ್ಕೆ ಹೋಗಿ, ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದರು. ಸಂಜೆ ನಾನೂ ಅಪ್ಪನೂ ಊರು ಸೇರಿದಾಗ ಅಪ್ಪನ ಅಂಗೈಯಲ್ಲಿ ಮಣ್ಣು ಇನ್ನೂ ಹಾಗೇ ಇತ್ತು. ಅಮ್ಮ ಚೆಂಬಿನಲ್ಲಿ ನೀರು ತಂದರು.

"ಇರ್ಲಿ ಬಿಡೇ, ಆಮೇಲೆ ತೊಳ್ಕೊಂತೀನಿ" ಎಂದು ಅಪ್ಪ ಜಗಲಿಯ ಮೇಲೆ ಕುಳಿತರು.